ಒಂದೇ ಲೋಟ ಮಾತಾಡುವುದಿಲ್ಲ

ನನ್ನ ಬಾಮೈದನಿಗೆ ಒಂದು ಬಿಯರ್ ಬ್ರ್ಯಾಂಡ್ ಇದೆ. ಹೆಸರು ಬೇಡ ಬಿಡಿ. 20 ವರ್ಷದಿಂದ ಅದೊಂದೇ. ಬೇರೆ ಏನು ಕೊಟ್ಟರೂ ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ‘ಭಾವ, ಇದು ಬರೀ ನೀರು’ ಅನ್ನುತ್ತಾನೆ. ಕಣ್ಣು ಕಟ್ಟಿ ಕೊಟ್ಟರೂ ತನ್ನದನ್ನು ಗುರುತು ಹಿಡಿಯುತ್ತೇನೆ ಅಂತ ಅವನ ಪಂಥ. ಒಂದು ಭಾನುವಾರ ಗಿರಿನಗರದ ನಮ್ಮ ಮನೆಯಲ್ಲಿ ಅದೂ ನಡೆದುಹೋಯಿತು. ಮೂರು ಲೋಟ ಇಟ್ಟೆ. ಎರಡರಲ್ಲಿ ಅವನ ಬ್ರ್ಯಾಂಡ್, ಒಂದರಲ್ಲಿ ಬೇರೆ ಕಂಪನಿಯ ಲಾಗರ್, ಅಂದರೆ ಅದೇ ಥರದ ಹಳದಿ ಬಿಯರ್. ಮೂರೂ ಆಗತಾನೆ ಫ್ರಿಜ್‌ನಿಂದ ತೆಗೆದದ್ದು. ‘ಬೇರೆಯದು ಯಾವುದು ಹೇಳಪ್ಪ’ ಅಂದೆ. ತಪ್ಪು ಹೇಳಿದ. ಅದಲುಬದಲು ಮಾಡಿ ಮತ್ತೆ ಇಟ್ಟೆ. ಮತ್ತೆ ತಪ್ಪು. ಮೂರನೇ ಸಲ ಸರಿಯಾಯಿತು. ‘ನೋಡಿದ್ರಾ ಭಾವ!’ ಅಂತ ಎದ್ದೇ ನಿಂತ. ಸುಮ್ನೆ ಬೆರಳಿಟ್ಟು ತೋರಿಸಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ ಅಂತ ನಾನು ಹೇಳಲಿಲ್ಲ. ಹೆಂಡತಿಯ ತಮ್ಮ, ನೋಡಿ.

ನಗುತ್ತಿದ್ದೀರಿ. ಆಮೇಲೆ ಅವನು ನನಗೂ ಅದೇ ಪರೀಕ್ಷೆ ಇಟ್ಟ. ನಾನೂ ತಪ್ಪಿದೆ. 22 ವರ್ಷ ಕಾಫಿ ರುಚಿ ನೋಡುವುದನ್ನೇ ಕೆಲಸ ಮಾಡಿಕೊಂಡಿದ್ದವನು ನಾನು. ಇಂಥ ತೋಟದ್ದು, ಇಂಥ ರೀತಿ ಒಣಗಿಸಿದ್ದು ಅಂತ ಕಪ್ಪಿನ ರುಚಿ ನೋಡಿ ಹೇಳುತ್ತಿದ್ದವನು. ಬಿಯರ್ ಮುಂದೆ ಬಾಯಿ ಮುಚ್ಚಿತು. ಆವತ್ತಿನಿಂದ ಇದು ಒಂದು ಹುಚ್ಚಾಯಿತು.

ನಮ್ಮ ಕಾಫಿ ಕೆಲಸದಲ್ಲಿ ಒಂದು ಪದ್ಧತಿ ಇದೆ. ಒಂದೇ ಕಪ್ಪನ್ನು ಯಾವತ್ತೂ ರುಚಿ ನೋಡುವುದಿಲ್ಲ. ಮೇಜಿನ ಮೇಲೆ ಸಾಲಾಗಿ ಕಪ್ಪುಗಳು. 150 ಎಂಎಲ್ ನೀರಿಗೆ ಎಂಟೂಕಾಲು ಗ್ರಾಂ ಪುಡಿ, ಎಲ್ಲಕ್ಕೂ ಒಂದೇ ಅಳತೆ, ಒಂದೇ ಬಿಸಿ. ಚಮಚ ಹಿಡಿದು ಆ ತುದಿಯಿಂದ ಈ ತುದಿಗೆ ಹೋಗುವುದು, ಮತ್ತೆ ಹಿಂದೆ ಬರುವುದು. ಒಂದು ಕಪ್ಪನ್ನು ಒಬ್ಬಂಟಿಯಾಗಿ ಮುಂದಿಟ್ಟು ‘ಹೇಗಿದೆ?’ ಅಂದರೆ ‘ಚೆನ್ನಾಗಿದೆ’ ಅನ್ನುವುದು ಬಿಟ್ಟು ಬೇರೆ ಮಾತು ಬರುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಇಟ್ಟ ತಕ್ಷಣ ‘ಇದು ಅದಕ್ಕಿಂತ ಹುಳಿ, ಅದು ಸ್ವಲ್ಪ ಒಗರು’ ಅಂತ ಮಾತು ಶುರುವಾಗುತ್ತದೆ. ಬಿಯರ್‌ಗೂ ಅಷ್ಟೇ. ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ: ಎರಡೆರಡು ಇಟ್ಟು ನೋಡಿ. ಬಂದ ರುಚಿಗೆ ನಿಮ್ಮ ಅಡುಗೆಮನೆಯ ಮಾತಲ್ಲೇ ಹೆಸರಿಡಿ.

ಮೊದಲು ಲೆಕ್ಕ ಮಾತಾಡಿಬಿಡೋಣ. 21 ತುಂಬದವರಿಗೆ ಈ ಮಾತು ಅಲ್ಲ. ಡಾಕ್ಟರು ಬೇಡ ಅಂದವರಿಗೂ ಅಲ್ಲ. 330 ಎಂಎಲ್ ಕ್ಯಾನ್ ಒಂದನ್ನು ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 80 ಎಂಎಲ್ ಚಿಲ್ಲರೆ ಬರುತ್ತದೆ. ಐದು ಬಗೆ ಅಂದರೆ ಒಬ್ಬರಿಗೆ 400 ಎಂಎಲ್. ಶೇಕಡಾ 5ರ ಬಿಯರ್ ಆದರೆ ಅದರಲ್ಲಿ ಆಲ್ಕೊಹಾಲ್ ಸುಮಾರು 20 ಎಂಎಲ್. ನಮ್ಮ ಕಡೆ ಜಾಸ್ತಿ ಖರ್ಚಾಗುವ 650ರ ಸ್ಟ್ರಾಂಗ್ ಬಾಟಲಿ ಒಂದರಲ್ಲಿ, ಶೇಕಡಾ 8ರ ಲೆಕ್ಕದಲ್ಲಿ, 52 ಎಂಎಲ್ ಇರುತ್ತದೆ. ಐದು ಬಗೆ ರುಚಿ ನೋಡಿದರೂ ಆ ಒಂದು ಬಾಟಲಿಯ ಅರ್ಧ ಮುಟ್ಟುವುದಿಲ್ಲ. ಹಾಗಂತ ಗಾಡಿ ಓಡಿಸಬೇಡಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮನೆಯಲ್ಲೇ ಮಾಡಿ ಅನ್ನುವುದಕ್ಕೆ ಅದೂ ಒಂದು ಕಾರಣ.

ನನ್ನ ಮೊದಲ ಪ್ರಯತ್ನ ಹೇಗೆ ಹಾಳಾಯಿತು ಅಂತ ಹೇಳುತ್ತೇನೆ. ಐದು ಬಗೆ ತಂದಿದ್ದೆ. ಲೋಟಗಳನ್ನು ಚೆನ್ನಾಗಿ ತೊಳೆದು ಅಡುಗೆಮನೆಯ ಬಟ್ಟೆಯಲ್ಲಿ ಒರೆಸಿ ಇಟ್ಟೆ. ಮೊದಲನೆಯದನ್ನು ಮೂಸಿದ ನನ್ನ ಗೆಳೆಯ ‘ಏನೋ ಪರಿಚಯದ ವಾಸನೆ’ ಅಂದ. ಎರಡನೆಯದರಲ್ಲೂ ಅದೇ. ಐದನೆಯದಕ್ಕೆ ಬರುವಷ್ಟರಲ್ಲಿ ನನ್ನ ಹೆಂಡತಿ ಒಳಗಿಂದ ಬಂದು ಒಂದು ಲೋಟ ಎತ್ತಿ ಮೂಸಿ, ‘ಇಂಗು’ ಅಂದಳು. ಬೆಳಗ್ಗೆ ಹುಳಿಗೆ ಒಗ್ಗರಣೆ ಕೊಟ್ಟು ಕೈ ಒರೆಸಿಕೊಂಡ ಬಟ್ಟೆ ಅದು. ಜರ್ಮನಿ, ಬೆಲ್ಜಿಯಂ, ಇಂಗ್ಲೆಂಡ್ ಎಲ್ಲ ಒಂದೇ ಸಲ ನಮ್ಮ ಮನೆ ಹುಳಿಯಾಗಿದ್ದವು.

ಆದ್ದರಿಂದ ಲೋಟ ತೊಳೆದ ಮೇಲೆ ಬಿಸಿನೀರಲ್ಲಿ ಎರಡು ಸಲ ಜಾಲಿಸಿ, ಕವುಚಿಟ್ಟು ತಾನಾಗಿ ಒಣಗಲು ಬಿಡಿ. ಸೋಪು ಉಳಿದರೂ ಜಿಡ್ಡು ಉಳಿದರೂ ನೊರೆ ನಿಲ್ಲುವುದಿಲ್ಲ. ಬಿಯರ್ ಹೊಯ್ದಾಗ ಲೋಟದ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡರೆ ಲೋಟ ಶುದ್ಧ ಇಲ್ಲ ಅಂತ ಅರ್ಥ. ಕಾಂಗ್ರೆಸ್ ಕಡ್ಲೆಬೀಜ, ಚಿಪ್ಸ್ ಎಲ್ಲ ಆಮೇಲೆ. ಅದರ ಎಣ್ಣೆ ತುಟಿಯಿಂದ ಲೋಟಕ್ಕೆ ಇಳಿದರೂ ನೊರೆ ಕುಸಿಯುತ್ತದೆ. ಮಧ್ಯೆ ಮಧ್ಯೆ ಬಾಯಿಗೆ ಸಪ್ಪೆ ಕಡ್ಲೆಪುರಿ ಮತ್ತು ನೀರು ಸಾಕು. ಊದುಬತ್ತಿ ಹಚ್ಚುವ ಮನೆಯಾದರೆ ಸಂಜೆಯ ದೀಪಕ್ಕೆ ಮುಂಚೆ ಕೂತುಬಿಡಿ. ಮಲ್ಲಿಗೆ ಮುಡಿದವರು ಪಕ್ಕದಲ್ಲಿ ಕೂತರೆ ಬಹಳ ಸಂತೋಷ, ಆದರೆ ಬಿಯರ್ ಗೊತ್ತಾಗುವುದಿಲ್ಲ.

ಇನ್ನು ತಣ್ಣಗೆ ಎಷ್ಟಿರಬೇಕು ಅನ್ನುವುದು. ನಮ್ಮ ಬಾಮೈದನ ಪರೀಕ್ಷೆ ಕೆಟ್ಟದ್ದು ಇಲ್ಲೇ. ‘ಚಿಲ್ಡ್ ಇದೆಯಾ?’ ಅಂತ ನಾವು ಅಂಗಡಿಯಲ್ಲಿ ಮೊದಲು ಕೇಳುತ್ತೇವೆ, ಅಲ್ವಾ? ಅತಿ ತಣ್ಣಗಿದ್ದಾಗ ವಾಸನೆ ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ಫ್ರಿಜ್‌ನಿಂದ ತೆಗೆದ ಹುಳಿಯನ್ನು ಹಾಗೇ ತಿಂದು ನೋಡಿ, ಉಪ್ಪು ಖಾರ ಯಾವುದೂ ಸರಿಯಾಗಿ ಗೊತ್ತಾಗುವುದಿಲ್ಲ. ಲಾಗರ್‌ಗೆ 4ರಿಂದ 7 ಡಿಗ್ರಿ ಸರಿ. ಗೋಧಿ ಬಿಯರ್‌ಗೆ ಒಂದೆರಡು ಡಿಗ್ರಿ ಜಾಸ್ತಿ. ಐಪಿಎ ಅನ್ನುವ ಕಹಿ ಬಿಯರ್‌ಗೆ 7ರಿಂದ 10. ಸ್ಟೌಟ್ ಅನ್ನುವ ಕಪ್ಪು ಬಿಯರ್ 10 ದಾಟಿದ ಮೇಲೆ ಬಾಯಿ ಬಿಡುತ್ತದೆ. ಥರ್ಮಾಮೀಟರ್ ಬೇಡ. ಬೆಂಗಳೂರಿನ ಸಂಜೆಯಲ್ಲಿ ಸ್ಟೌಟನ್ನು ಕಾಲು ಗಂಟೆ ಮುಂಚೆ ಹೊರಗಿಟ್ಟರೆ ಆಯಿತು. ಐಸ್ ಮಾತ್ರ ಹಾಕಬೇಡಿ, ದಯವಿಟ್ಟು.

ನಿಮಗೆಲ್ಲ ಒಳಗೆ ಬರುವಾಗ ಒಂದೊಂದು ತುಂಡು ಕೊಬ್ಬರಿ ಮಿಠಾಯಿ ಕೊಟ್ಟರಲ್ಲ, ತಿಂದಿಲ್ಲದವರು ಈಗ ತೆಗೆಯಿರಿ. ತಿಂದವರು ಪಕ್ಕದವರನ್ನು ನೋಡಿ. ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಯಿಗೆ ಹಾಕಿ ಅಗಿಯಿರಿ. ಏನು ಬರುತ್ತಿದೆ? ಸಿಹಿ ಮಾತ್ರ. ಈಗ ಮೂಗು ಬಿಡಿ. ಬಂತಲ್ಲ ಏಲಕ್ಕಿ? ಬಾಯಲ್ಲೇ ಇತ್ತು, ಆದರೆ ಗಂಟಲ ಹಿಂದಿನಿಂದ ಮೂಗಿಗೆ ಏರಿದಾಗ ಮಾತ್ರ ಗೊತ್ತಾಯಿತು. ನಾವು ರುಚಿ ಅನ್ನುವುದರಲ್ಲಿ ಬಹುಪಾಲು ಹೀಗೆ ಹಿಂಬಾಗಿಲಿಂದ ಮೂಗಿಗೆ ಹೋದ ವಾಸನೆ. ಕಹಿ ನಾಲಿಗೆಯ ಹಿಂದೆ, ಸಿಹಿ ತುದಿಯಲ್ಲಿ ಅಂತ ಶಾಲೆಯಲ್ಲಿ ಒಂದು ಚಿತ್ರ ಬರೆಸುತ್ತಿದ್ದರು, ನೆನಪಿದೆಯಾ? 1901ರ ಒಂದು ಜರ್ಮನ್ ಪ್ರಬಂಧವನ್ನು ಆಮೇಲಿನವರು ತಪ್ಪಾಗಿ ಓದಿಕೊಂಡದ್ದರಿಂದ ಹುಟ್ಟಿದ ನಕ್ಷೆ ಅದು. ನಾಲಿಗೆಯ ಎಲ್ಲ ಕಡೆಯೂ ಎಲ್ಲ ರುಚಿಯೂ ಗೊತ್ತಾಗುತ್ತದೆ. ಹಾಗಾಗಿ ಮೊದಲು ಮೂಸಿ. ಆಮೇಲೆ ಒಂದು ಗುಟುಕು, ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿಂದ ಉಸಿರು ಬಿಡಿ. ಕಾಫಿಯನ್ನು ನಾವು ಉಗಿಯುತ್ತಿದ್ದೆವು. ಬಿಯರ್ ಉಗಿಯುವುದಿಲ್ಲ. ಈ ವಿಷಯದಲ್ಲಿ ಬಿಯರ್‌ನವರು ಬುದ್ಧಿವಂತರು.

ಈಗ ಲೋಟಗಳಿಗೆ ಬರೋಣ. ಐದು ಬಗೆ ಇಟ್ಟುಕೊಂಡರೆ ಒಂದು ಸಂಜೆಗೆ ಸಾಕು: ಒಂದು ಲಾಗರ್, ಜರ್ಮನ್ ರೀತಿಯ ಗೋಧಿ ಬಿಯರ್, ಬೆಲ್ಜಿಯಂ ರೀತಿಯ ಗೋಧಿ ಬಿಯರ್, ಒಂದು ಐಪಿಎ, ಒಂದು ಸ್ಟೌಟ್. ಇದೇ ಕ್ರಮ. ಹಗುರದ್ದು ಮೊದಲು, ಕಹಿಯದು ಮತ್ತು ಹುರಿದ ವಾಸನೆಯದು ಕೊನೆಗೆ. ಹಾಗಲಕಾಯಿ ಗೊಜ್ಜು ತಿಂದ ಮೇಲೆ ಪಾಯಸದ ಏಲಕ್ಕಿ ಹುಡುಕಲು ಆಗುತ್ತದೆಯೇ?

2010ಕ್ಕೆ ಮುಂಚೆ ಈ ಪಟ್ಟಿ ಹೇಳಿದ್ದರೆ ನೀವು ನನ್ನನ್ನು ಹೊರಗೆ ಕಳಿಸುತ್ತಿದ್ದಿರಿ. ಕಂಟೋನ್ಮೆಂಟ್ ಕಾಲದಿಂದ ಬಿಯರ್ ಕಂಡ ಊರು ಇದು. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು 1915ರಲ್ಲಿ ದಕ್ಷಿಣದ ಬ್ರೂವರಿಗಳನ್ನು, ಅಂದರೆ ಬಿಯರ್ ಕಾರ್ಖಾನೆಗಳನ್ನು, ಒಟ್ಟುಮಾಡಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಈಗ ಯುಬಿ ಸಿಟಿ ಇರುವ ಜಾಗದಲ್ಲಿ ಆಗ ಬಿಯರ್ ಕುದಿಯುತ್ತಿತ್ತು. ಎಂಬತ್ತರ ದಶಕದಲ್ಲಿ ಪಬ್ ಬಂದವು, ‘ಪಬ್ ಸಿಟಿ’ ಅನ್ನುವ ಬಿರುದೂ ಬಂತು. ಆದರೆ ಅಷ್ಟೂ ಪಬ್‌ಗಳಲ್ಲಿ ಸಿಗುತ್ತಿದ್ದದ್ದು ಹೆಚ್ಚುಕಮ್ಮಿ ಒಂದೇ ರುಚಿ, ತೆಳು ಹಳದಿ ಲಾಗರ್. 2010–11ರ ಹೊತ್ತಿಗೆ ಇಂದಿರಾನಗರದ ಟಾಯ್ಟ್‌ನಂಥ ಮೈಕ್ರೋಬ್ರೂವರಿಗಳು, ಅಂದರೆ ತಾವೇ ಬಿಯರ್ ಮಾಡಿ ಕೊಡುವ ಪಬ್‌ಗಳು, ಶುರುವಾದ ಮೇಲೆ ನಮ್ಮವರಿಗೆ ಬೇರೆ ಬಗೆಗಳ ಹೆಸರು ಗೊತ್ತಾಯಿತು. ಈಗ ಗೈಸ್ಟ್‌ನಂಥವರ ಕ್ಯಾನು ಬಾಟಲಿಗಳು ಅಂಗಡಿಯಲ್ಲೇ ಸಿಗುತ್ತವೆ.

ಲಾಗರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಈ ಹೊಂಬಣ್ಣದ ಲಾಗರ್‌ಗಳಿಗೆಲ್ಲ ಮೂಲ 1842ರಲ್ಲಿ ಜೆಕ್ ನಾಡಿನ ಪಿಲ್ಸೆನ್ ಊರಲ್ಲಿ ಯೋಸೆಫ್ ಗ್ರೋಲ್ ಮಾಡಿದ ಬಿಯರ್. ಆ ಊರಿನ ನೀರು ತುಂಬ ಮೆದು. ಕಾವೇರಿ ನೀರಲ್ಲಿ ಮಾಡಿದ ಡಿಕಾಕ್ಷನ್‌ಗೂ ಬೋರ್‌ವೆಲ್ ನೀರಿನದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತಲ್ಲ, ಹಾಗೆ. ಲಾಗರ್‌ನಲ್ಲಿ ಹುಡುಕಬೇಕಾದ್ದು ಹೊಸ ಬ್ರೆಡ್ಡಿನ ಒಳಭಾಗದ ವಾಸನೆ, ಜೇನಿನ ಎಳೆ, ಕೊನೆಗೆ ಒಂದು ಚೊಕ್ಕ ಕಹಿ. ಅದರಲ್ಲಿ ಮುಚ್ಚಿಡಲು ಏನೂ ಇಲ್ಲ. ಸಪ್ಪೆ ತಿಳಿಸಾರಿನ ಹಾಗೆ, ಚೂರು ತಪ್ಪಿದರೂ ಗೊತ್ತಾಗುತ್ತದೆ. ಒಳ್ಳೆಯ ಲಾಗರ್ ಮಾಡುವುದೇ ಕಷ್ಟ ಅಂತ ಬ್ರೂವರ್‌ಗಳು ಹೇಳುವುದು ಅದಕ್ಕೆ.

ನಿಜವಾದ ಮಜಾ ಇರುವುದು ಎರಡನೇ ಮತ್ತು ಮೂರನೇ ಲೋಟದಲ್ಲಿ. ಐದು ಬಗೆ ತರಲು ಆಗದಿದ್ದರೆ ಇವೆರಡನ್ನೇ ತನ್ನಿ. ಎರಡೂ ಗೋಧಿ ಬಿಯರ್. ಎರಡೂ ಮಸುಕು ಹಳದಿ. ದೂರದಿಂದ ನೋಡಿದರೆ ಅವಳಿ ಜವಳಿ. ಒಂದರ ಮೇಲೆ ‘ವೈಸ್’ ಅಥವಾ ‘ಹೆಫೆವೈಜನ್’ ಅಂತ ಇರುತ್ತದೆ, ಅದು ಜರ್ಮನಿಯ ಬವೇರಿಯಾದ್ದು. ಇನ್ನೊಂದರ ಮೇಲೆ ‘ವಿಟ್’ ಅಂತ ಇರುತ್ತದೆ, ಅದು ಬೆಲ್ಜಿಯಂನದು.

ಮೊದಲನೆಯದನ್ನು ಮೂಸಿ. ಬಾಳೆಹಣ್ಣು. ಸುಮ್ನೆ ಬಾಳೆಹಣ್ಣು ಅಂತ ಬಿಡಬೇಡಿ, ಯಾವ ಬಾಳೆಹಣ್ಣು? ಏಲಕ್ಕಿ ಬಾಳೆಯಾ, ಪಚ್ಚಬಾಳೆಯಾ, ಎರಡು ದಿನ ಜಾಸ್ತಿ ಇಟ್ಟು ಸಿಪ್ಪೆ ಕಪ್ಪಾದದ್ದಾ? ನನ್ನ ಮೂಗಿಗೆ ಜಾಸ್ತಿ ಕಳಿತ ಪಚ್ಚಬಾಳೆ. ಅದರ ಹಿಂದೆಯೇ ಲವಂಗ. ಆದರೆ ಅವರು ಅದಕ್ಕೆ ಬಾಳೆಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. 1516ರಲ್ಲಿ ಬವೇರಿಯಾದ ದೊರೆಗಳು ಬಿಯರ್‌ಗೆ ನೀರು, ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು ಬಿಟ್ಟು ಬೇರೇನೂ ಹಾಕಬಾರದು ಅಂತ ಕಟ್ಟಳೆ ಮಾಡಿದ್ದರು. ಗೋಧಿ ಬಿಯರ್‌ಗೆ ಆಮೇಲೆ ವಿನಾಯಿತಿ ಸಿಕ್ಕಿತು ಅನ್ನಿ. ಹಾಗಾದರೆ ಬಾಳೆಹಣ್ಣು ಎಲ್ಲಿಂದ ಬಂತು? ಈಸ್ಟ್, ಅಂದರೆ ಬ್ರೆಡ್ ಹಿಟ್ಟು ಉಬ್ಬಿಸುವ ಸೂಕ್ಷ್ಮಜೀವಿ, ತಯಾರಿಸಿದ್ದು. ಸಕ್ಕರೆ ತಿಂದು ಆಲ್ಕೊಹಾಲ್ ಮಾಡುವಾಗ ಆ ಈಸ್ಟು ಐಸೋಅಮೈಲ್ ಅಸಿಟೇಟ್ ಎಂಬ ವಸ್ತುವನ್ನೂ ಬಿಡುತ್ತದೆ. ಬಾಳೆಹಣ್ಣಿನಲ್ಲೂ ಇರುವುದು ಅದೇ. ಲವಂಗದ ವಾಸನೆಯೂ ಅದೇ ಈಸ್ಟಿನ ಕೈವಾಡ.

ಈಗ ಎರಡನೆಯದು, ವಿಟ್. ಇಲ್ಲಿ ಬಾಳೆಹಣ್ಣು ಹಿಂದೆ ಸರಿಯಿತು. ಏನೋ ಪರಿಚಯದ್ದು. ಸಾರಿನ ಪುಡಿ ಹುರಿಯಲು ಬಾಣಲೆಗೆ ಕೊತ್ತಂಬರಿ ಬೀಜ ಹಾಕಿ, ಅದು ಇನ್ನೂ ಕೆಂಪಾಗುವ ಮುಂಚೆ ಒಂದು ಹಗುರ ನಿಂಬೆಯಂಥ ಘಮ ಏಳುತ್ತದಲ್ಲ, ಅದು. ಜೊತೆಗೆ ಕಿತ್ತಳೆ ಸಿಪ್ಪೆ. ಇವು ಮಾತ್ರ ನಿಜವಾಗಿ ಹಾಕಿದ್ದು. ಕೊತ್ತಂಬರಿ ಬೀಜ ಕುಟ್ಟಿ, ಕಿತ್ತಳೆ ಸಿಪ್ಪೆ ಒಣಗಿಸಿ ಕುದಿಯುವಾಗ ಹಾಕುತ್ತಾರೆ. ಈ ಬಗೆ ಒಂದು ಕಾಲದಲ್ಲಿ ಸತ್ತೇಹೋಗಿತ್ತು. ಹೋಗಾರ್ಡನ್ ಊರಿನ ಕೊನೆಯ ಬ್ರೂವರಿ 1950ರ ದಶಕದಲ್ಲಿ ಬಾಗಿಲು ಹಾಕಿತು. ಅದೇ ಊರಲ್ಲಿ ಹಾಲು ಮಾರುತ್ತಿದ್ದ ಪಿಯರ್ ಸೆಲಿಸ್ ಎಂಬಾತ 1966ರಲ್ಲಿ ಮತ್ತೆ ಶುರು ಮಾಡಿದ. ಇವತ್ತು ಬೆಂಗಳೂರಿನಲ್ಲಿ ಯಾರಾದರೂ ವಿಟ್ ಕುಡಿಯುತ್ತಿದ್ದರೆ ಆ ಹಾಲಿನವನ ಪುಣ್ಯ.

ಹೀಗೆ ಒಂದರ ಘಮ ಈಸ್ಟು ಕೊಟ್ಟದ್ದು, ಇನ್ನೊಂದರ ಘಮ ಬಹುಪಾಲು ಮಸಾಲೆ ಡಬ್ಬಿಯಿಂದ ಬಂದದ್ದು. ಬೇರೆ ಬೇರೆ ದಿನ ಕುಡಿದಿದ್ದರೆ ಎರಡಕ್ಕೂ ‘ವೀಟ್ ಬಿಯರ್, ಸ್ಮೂತ್ ಆಗಿದೆ’ ಅಂತ ಒಂದೇ ಮಾತು ಹೇಳುತ್ತಿದ್ದಿರಿ. ನಾನೂ ಹಾಗೇ ಹೇಳಿಕೊಂಡು ಓಡಾಡುತ್ತಿದ್ದವನೇ.

ಈಸ್ಟಿನ ಮಾತು ಬಂತು, ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಡಿಸೆಂಬರ್‌ನಲ್ಲಿ ದೋಸೆ ಹಿಟ್ಟು ಉಬ್ಬುವುದಿಲ್ಲ ಅಂತ ಪಾತ್ರೆಗೆ ಟವೆಲ್ ಸುತ್ತುತ್ತೀರಲ್ಲ? ಏಲ್ ಎಂಬ ಬಗೆಯ ಬಿಯರ್ ಮಾಡುವ ಈಸ್ಟಿನ ಸ್ವಭಾವವೂ ಅದೇ. ಅದಕ್ಕೆ 18–20 ಡಿಗ್ರಿಯ ಬೆಚ್ಚಗಿನ ಜಾಗ ಬೇಕು, ಬೇಗ ಕೆಲಸ ಮುಗಿಸುತ್ತದೆ, ಹಣ್ಣಿನ ಘಮ ಬಿಡುತ್ತದೆ. ಲಾಗರ್ ಈಸ್ಟು ಚಳಿಯ ಜೀವ. 8ರಿಂದ 13 ಡಿಗ್ರಿಯಲ್ಲಿ ನಿಧಾನಕ್ಕೆ, ವಾರಗಟ್ಟಲೆ. ಹಾಗಾಗಿ ಅದರಲ್ಲಿ ಹಣ್ಣಿನ ವಾಸನೆ ಇಲ್ಲ. ಇನ್ನು ಮಾಲ್ಟ್ ಅಂದರೆ ಏನು ಅಂತ ಕೇಳುವವರಿಗೆ: ನಿಮ್ಮ ಮನೆಯಲ್ಲಿ ಮಗುವಿಗೆ ರಾಗಿ ಮಾಲ್ಟ್ ಮಾಡಿಲ್ಲವೇ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುವುದು. ಮೊಳಕೆ ಬಂದಾಗ ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗಲು ತಯಾರಾಗುತ್ತದೆ. ಅದಕ್ಕೇ ಮೊಳಕೆ ರಾಗಿಯ ಗಂಜಿ ತೆಳುವಾಗಿ, ಸ್ವಲ್ಪ ಸಿಹಿಯಾಗಿ ಇರುವುದು. ರಾಗಿಯ ಜಾಗದಲ್ಲಿ ಬಾರ್ಲಿ ಇಟ್ಟುಕೊಳ್ಳಿ, ಬಿಯರ್ ಮಾಡುವವರ ಮೊದಲ ಅರ್ಧ ಕೆಲಸ ನಿಮಗೆ ಗೊತ್ತಾಯಿತು.

ನಾಲ್ಕನೇ ಲೋಟ ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್. ಹೆಸರಲ್ಲೇ ಇಂಡಿಯಾ ಇದೆ. ಇಂಗ್ಲೆಂಡಿನಿಂದ ಇಲ್ಲಿಗೆ ಹಡಗಲ್ಲಿ ಬರುತ್ತಿದ್ದ ಪೇಲ್ ಏಲ್ ಅದು. ಸಮುದ್ರಯಾನಕ್ಕೆ ಕೆಡಬಾರದು ಅಂತಲೇ ಒಬ್ಬ ಪುಣ್ಯಾತ್ಮ ಇದನ್ನು ಕಂಡುಹಿಡಿದ ಅನ್ನುವ ಕಥೆಯನ್ನು ಪಬ್‌ನಲ್ಲಿ ಹೇಳುತ್ತಾರೆ. ಚೆನ್ನಾಗಿದೆ, ಆದರೆ ಪೋರ್ಟರ್ ಎಂಬ ಕಪ್ಪು ಬಿಯರ್ ಕೂಡ ಅದೇ ಹಡಗುಗಳಲ್ಲಿ ಕೆಡದೆ ಬರುತ್ತಿತ್ತು.

ಇದರ ಜೀವ ಹಾಪ್ಸ್, ಅಂದರೆ ಒಂದು ಬಳ್ಳಿಯ ಹೂವು. ಗಾಂಜಾದ ಕುಟುಂಬಕ್ಕೇ ಸೇರಿದ್ದು. ಹೌದು, ಹಿಂದಿನ ಸಾಲಿನವರು ಎಚ್ಚರಾದರು. ಅಮಲು ಅದರಿಂದ ಬರುವುದಿಲ್ಲ, ಮಲಗಿ. ಹಾಪ್ಸನ್ನು ಮೊದಲೇ ಹಾಕಿ ಚೆನ್ನಾಗಿ ಕುದಿಸಿದರೆ ಕಹಿ ಬಿಡುತ್ತದೆ. ಕೊನೆಗೆ ಹಾಕಿದರೆ ಘಮ ಉಳಿಯುತ್ತದೆ. ಸಾರು ಕುದಿಯುವಾಗ ಹಾಕಿದ ಮೆಣಸು ಒಂದು ಕೆಲಸ ಮಾಡುತ್ತದೆ, ಇಳಿಸಿದ ಮೇಲೆ ಹಾಕಿದ ಕೊತ್ತಂಬರಿ ಸೊಪ್ಪು ಇನ್ನೊಂದು ಕೆಲಸ ಮಾಡುತ್ತದೆ, ಹಾಗೆ.

ಐಪಿಎ ಡಬ್ಬದ ಮೇಲೆ ‘ಗ್ರೇಪ್‌ಫ್ರೂಟ್’ ಅಂತ ಬರೆದಿರುತ್ತಾರೆ. ಅದನ್ನು ಓದಿ ತಲೆಯಾಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಗ್ರೇಪ್‌ಫ್ರೂಟನ್ನು ನಾನು ತಿಂದದ್ದು ಎರಡೇ ಸಲ. ಒಂದು ದಿನ ದೇವನಹಳ್ಳಿ ಕಡೆಯಿಂದ ಬಂದ ನೆಂಟರು ಚಕ್ಕೋತ ತಂದಿದ್ದರು. ಸಿಪ್ಪೆ ಬಿಡಿಸುವಾಗ ಎಣ್ಣೆ ಚಿಮ್ಮಿ ಬೆರಳಿಗೆ ಅಂಟಿತು. ಮೂಸಿದರೆ ಐಪಿಎ! ಓಡಿಹೋಗಿ ಒಂದು ಕ್ಯಾನ್ ಒಡೆದೆ. ಅದೇ. ಹಣ್ಣಿನ ಸಿಹಿ, ಸಿಪ್ಪೆಯ ಘಾಟು, ಒಳಗಿನ ಬಿಳಿ ಪೊರೆಯ ಕಹಿ, ಎಲ್ಲ ಸಾಲಾಗಿ ಬಂತು. ಆಮೇಲೆ ತಿಳಿಯಿತು, ಗ್ರೇಪ್‌ಫ್ರೂಟ್ ಅನ್ನುವುದೇ ಚಕ್ಕೋತ ಮತ್ತು ಕಿತ್ತಳೆ ಕೂಡಿ ಹುಟ್ಟಿದ ಹಣ್ಣು. ಅಪ್ಪನ ಪರಿಚಯ ಇಟ್ಟುಕೊಂಡು ಮಗನನ್ನು ಯಾರು ಅಂತ ಕೇಳುತ್ತಿದ್ದೆ.

ನಮ್ಮಲ್ಲಿ ವಾಸನೆಗೆ ಎಷ್ಟು ಮಾತಿದೆ ನೋಡಿ. ಅವರೆಕಾಯಿಯ ಸೊಗಡು. ಅಡಿಕೆಯ ಒಗರು. ಒಣಮೆಣಸಿನಕಾಯಿಯ ಘಾಟು. ಹಳೇ ಕೊಬ್ಬರಿಯ ಕಮಟು. ಮಳೆಗಾಲದ ಬೀರುವಿನ ಮುಗ್ಗಲು. ತಳ ಹಿಡಿದ ಹಾಲಿನ ಸೀದ ವಾಸನೆ. ಬಿಯರ್ ಪುಸ್ತಕ ಓದಿ ಕಲಿತ ಹತ್ತು ಮಾತಿಗಿಂತ ಇವು ನಿಖರ. ಟಿಪ್ಪಣಿ ಬರೆಯುವಾಗ ಇವನ್ನೇ ಬರೆಯಿರಿ. ನನ್ನ ನೋಟ್‌ಪುಸ್ತಕದಲ್ಲಿ ಒಂದು ಬಿಯರ್ ಮುಂದೆ ‘ಅಜ್ಜಿ ಮನೆ ಅಟ್ಟ’ ಅಂತ ಇದೆ. ಬೇರೆ ಯಾರಿಗೂ ಅರ್ಥವಾಗಲ್ಲ. ನನಗೆ ಇವತ್ತೂ ಆ ಬಿಯರ್ ಮೂಗಿಗೆ ಬರುತ್ತದೆ.

ಐದನೆಯದು ಸ್ಟೌಟ್. ಕಾಫಿಯವನಾದ್ದರಿಂದ ಇದರ ಬಗ್ಗೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. 1817ರಲ್ಲಿ ಡೇನಿಯಲ್ ವೀಲರ್ ಎಂಬ ಇಂಗ್ಲಿಷಿನವನು ಮಾಲ್ಟನ್ನು ಕಪ್ಪಗೆ ಹುರಿಯುವ ಡ್ರಮ್ಮಿಗೆ ಪೇಟೆಂಟ್ ಪಡೆದ. ಕಾಫಿ ಬೀಜ ಹುರಿಯುವ ಡ್ರಮ್ಮಿನಂಥದೇ ಅದು. ಹಾಗಾಗಿ ಸ್ಟೌಟ್‌ನಲ್ಲಿ ಕಾಫಿ ವಾಸನೆ ಬಂದರೆ ಭ್ರಮೆಯಲ್ಲ. ಕಾಳು ಬೇರೆ, ಹುರಿದ ರೀತಿ ಒಂದೇ. ನಮ್ಮ ಕಡೆಯವರು ಇದರಲ್ಲಿ ಚಿಕೋರಿ ಗುರುತಿಸುತ್ತಾರೆ. ಹುರಿದ ರಾಗಿ ಹಿಟ್ಟು ಅನ್ನುತ್ತಾರೆ, ಸೀದ ಬೆಲ್ಲ ಅನ್ನುತ್ತಾರೆ. ಎಲ್ಲವೂ ಸರಿ.

ಇದರ ಬಣ್ಣ ನೋಡಿ ಹೆದರುವವರು ಜಾಸ್ತಿ. ‘ಅಯ್ಯೋ, ಇದು ಸ್ಟ್ರಾಂಗ್ ಇರಬೇಕು’ ಅಂತ. ಐರ್ಲೆಂಡಿನ ಸ್ಟೌಟ್ ಗಿನ್ನೆಸ್ ಡ್ರಾಟ್ ಕಪ್ಪಗಿದೆ, ಆಲ್ಕೊಹಾಲ್ ಇರುವುದು ಶೇಕಡಾ 4ರ ಮೇಲೆ ಚೂರು. ಆ ಬಾಮೈದ ಕುಡಿಯುವ ಹಳದಿ ಸ್ಟ್ರಾಂಗ್ ಬಿಯರ್‌ನಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು. ಕಪ್ಪು ಬಣ್ಣ ಬರಲು ಹಿಡಿಯಷ್ಟು ಹುರಿದ ಮಾಲ್ಟ್ ಸಾಕು. ಆದರೂ ಕಣ್ಣು ಮೋಸ ಮಾಡುತ್ತದೆ. ಅದಕ್ಕೊಂದು ಉಪಾಯ, ನಮ್ಮ ಸ್ಟೀಲ್ ಲೋಟ. ಬಣ್ಣ ಕಾಣದ ಹಾಗೆ ದೀಪ ಸ್ವಲ್ಪ ಕಡಿಮೆ ಮಾಡಿ, ಸ್ಟೀಲ್ ಲೋಟದಲ್ಲಿ ಕಾಲು ಭಾಗ ಹೊಯ್ದು, ಮೇಲೆ ಒಂದು ತಟ್ಟೆ ಮುಚ್ಚಿ ಕೊಡಿ. ತಟ್ಟೆ ತೆಗೆದು ಮೂಸಲು ಹೇಳಿ. ಕಪ್ಪು ಬಿಯರ್ ಕುಡಿಯುವುದೇ ಇಲ್ಲ ಅನ್ನುತ್ತಿದ್ದ ನಮ್ಮ ಅತ್ತಿಗೆ ಹೀಗೆ ಒಂದು ಗುಟುಕು ನೋಡಿ ‘ಇದು ಮೃದುವಾಗಿದೆ’ ಅಂದರು. ದೀಪ ಹಾಕಿದ ಮೇಲೆ ಎರಡನೇ ಗುಟುಕು ಕುಡಿಯಲಿಲ್ಲ, ಅದು ಬೇರೆ ವಿಷಯ.

ಕೆಟ್ಟ ಬಿಯರ್ ಗುರುತಿಸುವುದನ್ನೂ ಕಲಿಯಬೇಕು. ಇದಕ್ಕೆ ಬೆಂಗಳೂರಿನ ಬಿಸಿಲು ಸಾಕು. ಒಂದೇ ಲಾಗರನ್ನು ಎರಡು ಗಾಜಿನ ಲೋಟಕ್ಕೆ ಹೊಯ್ದು ತಟ್ಟೆ ಮುಚ್ಚಿ, ಒಂದನ್ನು ಕತ್ತಲಲ್ಲಿ, ಇನ್ನೊಂದನ್ನು ಮಧ್ಯಾಹ್ನ ಟೆರೇಸಿನ ಬಿಸಿಲಲ್ಲಿ ಇಡಿ. ಕಾಲು ಗಂಟೆ ಬಿಟ್ಟು ಎರಡನ್ನೂ ತಣ್ಣಗೆ ಮಾಡಿ ಮೂಸಿ. ಬಿಸಿಲಲ್ಲಿದ್ದದ್ದು ನಾರುತ್ತದೆ. ಇಂಗ್ಲಿಷಿನವರು ಸ್ಕಂಕ್ ಎಂಬ ಪ್ರಾಣಿಯ ಹೆಸರು ಹೇಳುತ್ತಾರೆ. ನಾವ್ಯಾರೂ ಸ್ಕಂಕ್ ನೋಡಿಲ್ಲ. ನನಗೆ ಅದು ಸುಟ್ಟ ರಬ್ಬರಿನ ಹಾಗೆ. ಬೆಳಕು ಬಿದ್ದು ಹಾಪ್ಸಿನ ಕಹಿ ವಸ್ತು ಒಡೆದು ಗಂಧಕದ ಜೊತೆ ಸೇರಿದಾಗ ಹೀಗಾಗುತ್ತದೆ. ಕಂದು ಬಾಟಲಿ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ತಡೆಯುವುದಿಲ್ಲ. ಕ್ಯಾನ್‌ಗೆ ಈ ಚಿಂತೆಯೇ ಇಲ್ಲ.

ಇನ್ನೊಂದು, ತಾರೀಖು ನೋಡಿ ತನ್ನಿ. ಒಂದು ಅಂಗಡಿಯಲ್ಲಿ ಆಸೆಪಟ್ಟು ದುಬಾರಿ ಐಪಿಎ ತಂದಿದ್ದೆ. ಮನೆಗೆ ಬಂದು ನೋಡಿದರೆ ತಯಾರಾಗಿ ಒಂಬತ್ತು ತಿಂಗಳಾಗಿತ್ತು. ಚಕ್ಕೋತ ಎಲ್ಲ ಹಾರಿಹೋಗಿ, ಮಳೆಯಲ್ಲಿ ನೆಂದ ರಟ್ಟಿನ ಡಬ್ಬದ ವಾಸನೆ ಉಳಿದಿತ್ತು. ಗಾಳಿ ಸೇರಿ ಹಳತಾದ ಬಿಯರ್‌ನ ಗುರುತು ಅದು. ಬೆಣ್ಣೆ ಪಾಪ್‌ಕಾರ್ನ್ ವಾಸನೆ ಬಂದರೆ ಈಸ್ಟು ಕೆಲಸ ಪೂರ್ತಿ ಮುಗಿಸುವ ಮುಂಚೆ ಅವಸರ ಮಾಡಿರಬಹುದು. ಬೇಯಿಸಿದ ಮುಸುಕಿನ ಜೋಳದ ವಾಸನೆ ಜೋರಾಗಿದ್ದರೆ ಕುದಿಸುವಾಗ ಎಡವಿರಬಹುದು.

ಈಗ ಮೊದಲಿನ ಮೂರು ಲೋಟಕ್ಕೆ ವಾಪಸ್ ಬರುತ್ತೇನೆ. ಎರಡು ಒಂದೇ, ಒಂದು ಬೇರೆ. ಅದು ನನ್ನ ಆವಿಷ್ಕಾರ ಅಲ್ಲ. ಡೆನ್ಮಾರ್ಕಿನ ಬಿಯರ್ ಕಂಪನಿ ಕಾರ್ಲ್ಸ್‌ಬರ್ಗ್‌ನವರು 1940ರ ದಶಕದಲ್ಲೇ ರುಚಿ ನೋಡುವವರನ್ನು ಆರಿಸಲು ಬಳಸಿದ ಪರೀಕ್ಷೆ ಅದು. ಮನೆಯಲ್ಲಿ ಮಾಡಿದರೆ ತುಂಬಾ ಮಜಾ. ಹೊಯ್ಯುವವರು ಒಬ್ಬರು, ಅವರು ರುಚಿ ನೋಡಬಾರದು, ಮುಖದಲ್ಲೂ ತೋರಿಸಬಾರದು. ಲೋಟದ ತಳಕ್ಕೆ ಚೀಟಿ ಅಂಟಿಸಿ. ಯಾರೂ ಬಾಯಿಬಿಡದೆ ಮೊದಲು ಬರೆದುಕೊಳ್ಳಬೇಕು. ಇದು ಮುಖ್ಯ. ಒಬ್ಬ ಹಿರಿಯರು ‘ಲವಂಗ’ ಅಂದುಬಿಟ್ಟರೆ ಇಡೀ ಕೋಣೆಗೆ ಲವಂಗ ಬರಲು ಶುರುವಾಗುತ್ತದೆ. ಕಾಫಿ ಮೇಜಿನಲ್ಲೂ ಇದನ್ನು ನೂರು ಸಲ ನೋಡಿದ್ದೇನೆ.

ಲೆಕ್ಕ ಇಷ್ಟವಿರುವವರಿಗೆ: ಆರು ಜನ ಕೂತು ಎಲ್ಲರೂ ಕುರುಡಾಗಿ ಊಹೆ ಮಾಡಿದರೆ, ಐದು ಅಥವಾ ಆರು ಜನ ಸರಿ ಹೇಳುವ ಸಂಭವ 729ಕ್ಕೆ 13. ನೂರಕ್ಕೆ ಎರಡೂ ಇಲ್ಲ. ಹಾಗಾಗಿ ಆರರಲ್ಲಿ ಐದು ಜನ ಸರಿ ಹೇಳಿದರೆ ನಿಜವಾಗಿ ವ್ಯತ್ಯಾಸ ಗೊತ್ತಾಗಿದೆ ಅಂತ ನಂಬಬಹುದು. ಇಬ್ಬರೋ ಮೂವರೋ ಹೇಳಿದರೆ ಏನೂ ಹೇಳಲಾಗದು. ಕಡಿಮೆ ಸಂಖ್ಯೆಯ ಪರೀಕ್ಷೆಯಿಂದ ಎಷ್ಟು ನಂಬಬಹುದು ಅನ್ನುವ ಗಣಿತವೇ ಬಿಯರ್ ಕಾರ್ಖಾನೆಯಲ್ಲಿ ಹುಟ್ಟಿತು, ಗೊತ್ತಾ? ವಿಲಿಯಂ ಗಾಸೆಟ್ ಎಂಬಾತ 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಸೇರಿದ. ಬಾರ್ಲಿ, ಹಾಪ್ಸ್ ಪರೀಕ್ಷೆ ಮಾಡುವಾಗ ಸಿಗುತ್ತಿದ್ದ ಮಾದರಿ ನಾಲ್ಕೋ ಐದೋ. ಅಷ್ಟರಲ್ಲೇ ತೀರ್ಮಾನ ಹೇಗೆ ಅಂತ ಯೋಚಿಸಿ 1908ರಲ್ಲಿ ಪ್ರಬಂಧ ಬರೆದ. ಕಂಪನಿಯವರು ಸ್ವಂತ ಹೆಸರು ಹಾಕಲು ಬಿಡಲಿಲ್ಲ. ‘ಸ್ಟೂಡೆಂಟ್’ ಅಂತ ಹಾಕಿದ. ಇಲ್ಲಿ ಸ್ಟಾಟಿಸ್ಟಿಕ್ಸ್ ಓದಿದವರು ಟಿ-ಟೆಸ್ಟ್ ಅಂತ ಬೈದುಕೊಂಡು ಬರೆದಿದ್ದೀರಲ್ಲ, ಅದೇ.

ಒಂದು ಪ್ರಶ್ನೆ ಬಂದಿದೆ ಚೀಟಿಯಲ್ಲಿ. ‘ಅಂಕ ಕೊಡಬೇಕೇ, ಹತ್ತಕ್ಕೆ ಇಷ್ಟು ಅಂತ?’ ನಾನು ಕೊಡುವುದಿಲ್ಲ. ಬಾಳೆಹಣ್ಣಿಗೂ ಕಾಫಿಗೂ ಅಂಕ ಹಾಕಿ ಯಾರು ಫಸ್ಟು ಅಂದರೆ ಏನು ಅರ್ಥ? ಒಂದೇ ಬಗೆಯ ಎರಡು ಇಟ್ಟುಕೊಂಡಾಗ, ಉದಾಹರಣೆಗೆ ಎರಡು ವಿಟ್, ಆಗ ‘ಇದು ಮೇಲು’ ಅನ್ನಿ. ನಾಲ್ಕೈದು ಸಂಜೆ ಬೇರೆ ಬೇರೆ ಬಗೆ ನೋಡಿದ ಮೇಲೆ ಅದಕ್ಕೆ ಬನ್ನಿ.

ಇನ್ನೊಂದು ಪ್ರಶ್ನೆ, ತಿನ್ನಲು ಏನು ಅಂತ. ರುಚಿ ನೋಡಿ ಮುಗಿದ ಮೇಲೆ ಏನು ಬೇಕಾದರೂ ತಿನ್ನಿ. ನನ್ನ ಅನುಭವದಲ್ಲಿ ವಿಟ್ ಜೊತೆ ನಿಪ್ಪಟ್ಟು ಚೆನ್ನ. ಸ್ಟೌಟ್ ಜೊತೆ ಬೆಣ್ಣೆ ಬಿಸ್ಕೆಟ್, ಕಾಯಿ ಹೋಳಿಗೆ. ಐಪಿಎ ಜೊತೆ ಖಾರದ್ದು ಬೇಡ, ಕಹಿ ಮತ್ತು ಖಾರ ಒಂದನ್ನೊಂದು ಕೆರಳಿಸುತ್ತವೆ. ಆಂಧ್ರ ಊಟದ ಜೊತೆ ಐಪಿಎ ಕುಡಿದು ಒಂದು ರಾತ್ರಿ ನಾನು ಪಟ್ಟ ಪಾಡು ಇಲ್ಲಿ ಬೇಡ.

ಕೊನೆಯದು, ಉಳಿದ ಬಿಯರ್ ಏನು ಮಾಡುವುದು ಅಂತ ಮುಂದಿನ ಸಾಲಿನ ಅಮ್ಮ ಕೇಳುತ್ತಿದ್ದಾರೆ. ಇನ್ನೂ ಗುಳ್ಳೆ ಇರುವ ಲಾಗರ್ ಆದರೆ ಕಡ್ಲೆಹಿಟ್ಟಿಗೆ ನೀರಿನ ಬದಲು ಹಾಕಿ ಮೆಣಸಿನಕಾಯಿ ಬಜ್ಜಿ ಕರಿಯಿರಿ, ಗರಿಗರಿಯಾಗಿ ಬರುತ್ತದೆ. ಐಪಿಎ ಮಾತ್ರ ಹಾಕಬೇಡಿ ಅಮ್ಮ. ನಾನು ಹಾಕಿ ನೋಡಿದ್ದೇನೆ. ಮೆಣಸಿನಕಾಯಿ ಬಜ್ಜಿ ಅಂತ ತಟ್ಟೆಗೆ ಹಾಕಿಕೊಟ್ಟರೆ, ತಿಂದವರೆಲ್ಲ ಹಾಗಲಕಾಯಿ ಯಾಕೆ ಹಾಕಿದೆ ಅಂತ ಕೇಳಿದರು.